ಸಾಲದ ಪುಸ್ತಕದಲ್ಲಿ ಮಗಳ ಕಾಲೇಜು

ನಮ್ಮ ಸಂಘದಲ್ಲಿ ಲೆಕ್ಕ ಬರೆಯುವವಳು ನಾನು. 1993ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ಎಂಬ ಒಂದೇ ಕಾರಣಕ್ಕೆ ಆ ಪುಸ್ತಕ ನನ್ನ ಕೈಗೆ ಬಂತು. ಹೋದ ತಿಂಗಳು ಹಳೆಯ ಪುಸ್ತಕಗಳಿಗೆ ಗೆದ್ದಲು ಹತ್ತಿದೆಯೇನೋ ಎಂದು ಬಿಸಿಲಿಗೆ ಹರಡಿದ್ದೆ. ಹಾಗೇ 'ಸಾಲದ ಉದ್ದೇಶ' ಎಂಬ ಕಾಲಂ ಮೇಲೆ ಕಣ್ಣಾಡಿಸಿದೆ. ಹಸು, ಹೊಲಿಗೆ ಯಂತ್ರ, ಆಸ್ಪತ್ರೆ, ಮನೆ ರಿಪೇರಿ. 'ಮಗಳ ಮದುವೆ' ಎಂದು ಎಷ್ಟು ಸಲ ಬರೆದಿದ್ದೇನೆಂದು ಎಣಿಸಿದರೆ ಎರಡು ಕೈ ಬೆರಳು ಸಾಲಲಿಲ್ಲ. 'ಮಗಳ ಕಾಲೇಜು' ಎಂದಿದ್ದದ್ದು ಎರಡೇ ಸಲ. ಎಲ್ಲವೂ ನನ್ನದೇ ಅಕ್ಷರ.

ಆ ಮದುವೆ ಸಾಲಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿದೆ. ಹುಡುಗಿ ನಮ್ಮ ಬೀದಿಯವಳೇ. 2019ರಲ್ಲಿ ಎಸ್ಸೆಸ್ಸೆಲ್ಸಿ ಒಳ್ಳೆಯ ಅಂಕದಲ್ಲಿ ಮುಗಿಸಿದಳು, ಲೆಕ್ಕದಲ್ಲಿ ಚುರುಕು. ಕೃಷಿ ಬಿ.ಎಸ್ಸಿ. ಓದಬೇಕೆಂದು ಆಸೆ. ಫಲಿತಾಂಶ ಬರುವ ತನಕ ಆ ಮನೆಯಲ್ಲಾಗಲೀ ನಮ್ಮ ಸಂಘದಲ್ಲಾಗಲೀ ಮುಂದೇನೆಂದು ಯಾರೂ ಯೋಚಿಸಿರಲಿಲ್ಲ. ಹೋಬಳಿಯ ಪಿಯು ಕಾಲೇಜಿನಲ್ಲಿ ಕಲಾ ಮತ್ತು ವಾಣಿಜ್ಯ ಬಿಟ್ಟರೆ ಬೇರೆ ಇಲ್ಲ. ವಿಜ್ಞಾನ ಬೇಕೆಂದರೆ ತಾಲೂಕಿಗೆ ಹೋಗಬೇಕು, ಹಾಸ್ಟೆಲ್ ಬೇಕು. ಹಾಸ್ಟೆಲ್ ಅರ್ಜಿಗೆ ಜಾತಿ ಆದಾಯ ಪತ್ರ ಬೇಕು. ಅದು ನಾಡಕಚೇರಿಯಿಂದ ಕೈಗೆ ಬರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. 'ಇರಲಿ ಬಿಡವ್ವಾ, ಇಲ್ಲೇ ಆರ್ಟ್ಸ್ ಓದ್ಲಿ' ಎಂದರು. ವಿಜ್ಞಾನ ಓದದವಳಿಗೆ ಕೃಷಿ ಕಾಲೇಜಿನ ಬಾಗಿಲು ಅಂದೇ ಮುಚ್ಚಿತು. ಅದು ಆ ಮಗುವಿಗೂ ಎರಡು ವರ್ಷ ಕಳೆದ ಮೇಲೆಯೇ ಗೊತ್ತಾದದ್ದು.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕತೆ. 2022ರಲ್ಲಿ ಮದುವೆ. ಸಂಘದಿಂದ ಒಂದು ಲಕ್ಷ. ಅದು ಊಟಕ್ಕಲ್ಲ, ಚಪ್ಪರಕ್ಕಲ್ಲ, ಗಂಡಿಗೆ ಬೈಕಿಗೆಂದು ಸಭೆಯಲ್ಲಿ ಕೂತಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ನಾನು 'ಮದುವೆ ಖರ್ಚು' ಎಂದು ಬರೆದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಶಿಕ್ಷೆ ಕನಿಷ್ಠ 5 ವರ್ಷ. ಇದನ್ನು ತರಬೇತಿಯಲ್ಲಿ ನಾನೇ ಓದಿ ಹೇಳಿದ್ದೆ! ಅವಳು 2024ರಲ್ಲಿ ಮಗುವನ್ನೆತ್ತಿಕೊಂಡು, ಎಡಗೈ ಊದಿಸಿಕೊಂಡು ತವರಿಗೆ ಬಂದಳು. ಬೈಕು ಅಲ್ಲೇ ಇದೆ. ಕಂತು ಇಂದಿಗೂ ಅವಳ ತಾಯಿ ಕಟ್ಟುತ್ತಿದ್ದಾಳೆ. ಪ್ರತಿ ಗುರುವಾರ ಆ ಹಣ ಎಣಿಸಿಕೊಳ್ಳುವವಳು ನಾನೇ.

ಅಕ್ಕತಂಗಿಯರೇ, ಮಗಳ ಕಾಲೇಜು ಪಿಯು ಫಲಿತಾಂಶದ ದಿನ ತೀರ್ಮಾನವಾಗುವುದಲ್ಲ. ಅವಳು ಒಂಬತ್ತನೇ ತರಗತಿಯಲ್ಲಿರುವಾಗಲೇ ಆಗುತ್ತದೆ. ನಾವು ತೀರ್ಮಾನಿಸದಿದ್ದರೆ ಬಸ್ಸಿನ ವೇಳೆ, ನಾಡಕಚೇರಿಯ ಸಾಲು, ಸೋದರಮಾವನ ಮಾತು ಇವೇ ಸೇರಿ ತೀರ್ಮಾನಿಸಿಬಿಡುತ್ತವೆ. ಮದುವೆಗಾದರೆ ಹುಡುಗಿ ಹುಟ್ಟಿದಾಗಿನಿಂದ ಚೀಟಿ ಹಾಕುತ್ತೇವೆ, ಪಾತ್ರೆ ಕೂಡಿಡುತ್ತೇವೆ. ಓದಿಗೆ ಮಾತ್ರ 'ದೇವರು ನಡೆಸಿದ ಹಾಗೆ'.

ಈಗ ನಾನು ಒಂಬತ್ತರಲ್ಲಿರುವ ಹುಡುಗಿಯರ ತಾಯಂದಿರನ್ನು ಹಿಡಿದು ಕೂರಿಸಿ ಕೆಲವು ಮಾತು ಹೇಳುತ್ತೇನೆ. ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ತರಹ ಇದೆಯೇ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ವಿದ್ಯಾರ್ಥಿವೇತನ ಸಿಕ್ಕಿಹಾಕಿಕೊಳ್ಳುತ್ತದೆ. ಜಾತಿ ಆದಾಯ ಪತ್ರ ಈಗಲೇ ಮಾಡಿಸಿ. ಹತ್ತು ಮುಗಿದು ಟಿ.ಸಿ. ತರುವ ದಿನವೇ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಾಳೆಂಬ ವ್ಯಾಸಂಗ ಪ್ರಮಾಣ ಪತ್ರ ಬರೆಸಿಕೊಳ್ಳಿ. ಸಿಇಟಿ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಮೀಸಲಿದೆ. ಎರಡಕ್ಕೂ ಹತ್ತು ವರ್ಷದ ಓದಿನ ಪುರಾವೆ ಬೇಕು. ನಮ್ಮ ಬಡ ಶಾಲೆಯೂ ಒಂದು ಆಸ್ತಿಯೇ, ಕಾಗದ ಇದ್ದರೆ.

ಖಾಸಗಿ ಕಾಲೇಜಿನ ಬಣ್ಣದ ಬಸ್ಸು ಬೀದಿಗೆ ಬಂದಾಗ ಒಂದು ನಿಮಿಷ ತಡೆಯಿರಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಪದವಿ ಓದುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಾರೆ. ಆದರೆ ಹತ್ತನ್ನೂ ಹನ್ನೆರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿರಬೇಕು. ಇದು ಹದಿನಾರರಲ್ಲಿ ತಿಳಿದರೆ ಉಪಯೋಗ, ಹದಿನೆಂಟರಲ್ಲಿ ತಿಳಿದರೆ ಹೊಟ್ಟೆ ಉರಿ ಮಾತ್ರ.

ಹಣದ ಮಾತಿಗೆ ಬರೋಣ. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಬಾಂಡ್ ನಮ್ಮಲ್ಲಿ ಎಷ್ಟೋ ಮನೆಯ ಪೆಟ್ಟಿಗೆಯಲ್ಲಿದೆ. ಹುಡುಗಿಗೆ 18 ತುಂಬಿದ ಮೇಲೆ ಹಣ ಬರುತ್ತದೆ. ಅಂದರೆ ಹೆಚ್ಚುಕಡಿಮೆ ಎರಡನೇ ಪಿಯು ಮುಗಿಯುವ ಹೊತ್ತಿಗೆ. ಆದರೆ ಮನೆಯಲ್ಲಿ ಅದನ್ನು ಕರೆಯುವುದೇ 'ಮದುವೆ ದುಡ್ಡು' ಎಂದು. ಯಾರು ಇಟ್ಟರೋ ಆ ಹೆಸರು! 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯಲ್ಲಿ ಹುಡುಗಿ ಹತ್ತು ಪಾಸಾದರೆ ಸಾಕು, ಹಿಂದಿನ ಮಾರ್ಚ್ ಕೊನೆಗೆ ಇದ್ದ ಹಣದ ಅರ್ಧದವರೆಗೆ ಓದಿಗೆ ತೆಗೆಯಬಹುದು. ನಮ್ಮ ಸಂಘದಲ್ಲಿ ಅಂಚೆ ಕಚೇರಿಯಲ್ಲಿ ಇದನ್ನು ಕೇಳಿದವರೇ ಇರಲಿಲ್ಲ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ನನ್ನ ಅಪ್ಪನೂ 1993ರಲ್ಲಿ ಅದನ್ನೇ ಕೇಳಿದ್ದು: 'ಓದಿಸಿದರೆ ಓದಿದ ಗಂಡನ್ನೇ ತರಬೇಕು, ಅವನ ರೇಟು ಕೊಡೋರು ಯಾರು?' ಇದು ಸುಳ್ಳೆಂದು ನಾನು ಹೇಳುವುದಿಲ್ಲ. ಡಿಗ್ರಿ ಓದಿದವಳಿಗೂ ವರದಕ್ಷಿಣೆ ಕೇಳುತ್ತಾರೆ, ಹೆಚ್ಚೇ ಕೇಳುತ್ತಾರೆ. ಇಂಜಿನಿಯರ್ ಹುಡುಗಿಯರೂ ನೇಣಿನಲ್ಲಿ ಸಿಕ್ಕ ಸುದ್ದಿ ಓದಿದ್ದೇವೆ. ಓದು ರಕ್ಷಾಕವಚವಲ್ಲ. ಆದರೆ ಆ ಮಾತಿನಲ್ಲಿ ಒಂದು ಮೋಸವಿದೆ. ಓದಿಸದೆ ಉಳಿಸಿದ ಹಣ ಹುಡುಗಿಗೆ ಉಳಿಯುವುದಿಲ್ಲ, ಬೈಕಾಗಿ ಬೇರೆಯವರ ಬಾಗಿಲಲ್ಲಿ ನಿಲ್ಲುತ್ತದೆ. ಓದಿಗೆ ಹಾಕಿದ್ದನ್ನು ಗಂಡನ ಮನೆಯವರು ಕಿತ್ತುಕೊಳ್ಳಲಾರರು. ಹೊಡೆತ ತಿಂದವಳು ಹೊರಟು ಬರಲು ಬಸ್ ಚಾರ್ಜಿಗೆ ಪರದಾಡಬೇಕಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಬಸ್ಸಿನಿಂದ ಇಳಿದ ಮೇಲೆ ಯಾರ ಅನ್ನ ತಿನ್ನುವುದು ಎಂಬುದೇ ಪ್ರಶ್ನೆ. ನಮ್ಮ ಬೀದಿಯ ಆ ಹುಡುಗಿ ಈಗ 'ಅಕ್ಕಾ, ಟೈಲರಿಂಗ್ ಕಲೀಲಾ?' ಎಂದು ಕೇಳುತ್ತಾಳೆ. ಅವಳ ಅಂಕಪಟ್ಟಿ ನೋಡಿದ್ದವಳು ನಾನು, ಏನೆಂದು ಉತ್ತರ ಕೊಡಲಿ?

ಇನ್ನೊಂದು ಗಮನಿಸಿದ್ದೇನೆ. ಮದುವೆ ಸಾಲ ಕೇಳಿದವಳಿಗೆ ನಾವು ಪ್ರಶ್ನೆ ಹಾಕುವುದಿಲ್ಲ, ಕೈ ಎತ್ತಿಬಿಡುತ್ತೇವೆ. ಓದಿನ ಸಾಲ ಕೇಳಿದವಳಿಗೆ ನೂರೆಂಟು ಪ್ರಶ್ನೆ: ಕೆಲಸ ಸಿಗುತ್ತಾ, ಹಾಸ್ಟೆಲ್‌ನಲ್ಲಿ ಹುಡುಗಿ ಕೆಟ್ಟರೆ, ಓದಿ ಗಂಡನ ಮನೆ ಉದ್ಧಾರ ಮಾಡ್ತಾಳಷ್ಟೇ ಅಲ್ವಾ. ಇದನ್ನೆಲ್ಲ ಕೇಳುವವರು ಗಂಡಸರಲ್ಲ, ನಾವೇ.

ಈ ಗುರುವಾರದ ಸಭೆಗೆ ಎರಡು ಅರ್ಜಿ ಬಂದಿವೆ. ಒಂದು, ಹತ್ತನೇ ತರಗತಿಯ ಮಗಳನ್ನು ತಾಲೂಕಿನ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಲು. ಇನ್ನೊಂದು ಮದುವೆಗೆ, 'ಮದುವೆ ಖರ್ಚು' ಎಂದೇ ಬರೆದಿದೆ. ಪೆಟ್ಟಿಗೆಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುತ್ತದೆ. ನಾನು ಯಾವುದಕ್ಕೆ ಕೈ ಎತ್ತುತ್ತೇನೆಂದು ಎರಡು ಮನೆಗೂ ಹೋಗಿ ಹೇಳಿ ಬಂದಿದ್ದೇನೆ. ಒಬ್ಬಳು ಅಂದಿನಿಂದ ನೀರಿನ ನಲ್ಲಿಯ ಹತ್ತಿರ ಸಿಕ್ಕರೂ ಮಾತಾಡುತ್ತಿಲ್ಲ.