ವಾಹನಕ್ಕೂ ರಾತ್ರಿಭೋಜನವೇ?

ವಿದ್ಯುತ್ ಚಾಲಿತ ಕಾರನ್ನು ‘ಅಹಿಂಸಾ ವಾಹನ’ವೆಂದು ಕರೆಯುವ ರೂಢಿಯೊಂದು ಶ್ರಾವಕ ಸಮಾಜದಲ್ಲಿ ಈಚೆಗೆ ಬೆಳೆಯುತ್ತಿದೆ. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆಯ ವಾಸನೆಯಿಲ್ಲ. ಆದುದರಿಂದ ಪಾಪವೂ ಇಲ್ಲ ಎಂಬುದು ಇದರ ಹಿಂದಿರುವ ತರ್ಕ. ಟ್ರಸ್ಟಿನ ಹಣದಲ್ಲಿ ಅಂತಹ ವಾಹನ ಕೊಳ್ಳುವುದೂ ಬಸದಿಯ ಆವರಣದಲ್ಲಿ ಅದಕ್ಕೆ ಚಾರ್ಜಿಂಗ್ ವ್ಯವಸ್ಥೆ ಮಾಡಿಸುವುದೂ ಪುಣ್ಯಕಾರ್ಯವೆಂಬ ಮಾತು ಕೇಳಿಬರುತ್ತಿದೆ. ಕಾರು ಒಳ್ಳೆಯದೋ ಕೆಟ್ಟದ್ದೋ ಎಂಬ ವಿಚಾರ ಹಾಗಿರಲಿ; ಅದಕ್ಕೆ ಆ ವಿಶೇಷಣ ಸಲ್ಲುತ್ತದೆಯೇ ಎಂಬುದು ಮೊದಲು ಪರೀಕ್ಷಿಸಬೇಕಾದ ಸಂಗತಿ. ಪರೀಕ್ಷಿಸಿ ನೋಡಿದರೆ ಸಲ್ಲುವುದಿಲ್ಲ.

ಒಂದು ಅಂಗಡಿಯ ಖರ್ಚನ್ನು ಇನ್ನೊಂದು ಅಂಗಡಿಯ ಖಾತೆಗೆ ಬರೆದರೆ ಮೊದಲನೆಯದರಲ್ಲಿ ಲಾಭ ಬಂದಂತೆ ತೋರುತ್ತದೆ. ಮನೆತನದ ಒಟ್ಟು ಲೆಕ್ಕದಲ್ಲಿ ಒಂದು ಕಾಸೂ ಉಳಿದಿರುವುದಿಲ್ಲ. ವ್ಯಾಪಾರ ಬಲ್ಲ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಗುರುಮಠಕಲ್ಲಿನ ಬೀದಿಯಲ್ಲಿ ಕಾಣದ ಹೊಗೆ, ಅಲ್ಲಿಂದ ನೇರ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಕೃಷ್ಣೆಯ ದಡದ ಶಕ್ತಿನಗರದಲ್ಲಿ ಏಳುತ್ತದೆ. 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎಂಟು ಘಟಕಗಳ, 1720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ. ಸಮೀಪದ ಯರಮರಸ್‌ನಲ್ಲಿ ಮತ್ತೆ 1600 ಮೆಗಾವಾಟ್. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಹೊರರಾಜ್ಯದ ಗಣಿಗಳಿಂದ ಅದು ರೈಲಿನಲ್ಲಿ ಬರಬೇಕು. ಸುಟ್ಟ ಮೇಲೆ ಉಳಿಯುವ ಬೂದಿ ಮಾತ್ರ ರಾಯಚೂರಿನ ಹಳ್ಳಿಗಳ ಪಾಲಿಗೆ.

ಲೆಕ್ಕವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಸಾಧಾರಣ ಗಾತ್ರದ ವಿದ್ಯುತ್ ಕಾರು ನೂರು ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬಳಸುತ್ತದೆ. ಗುರುಮಠಕಲ್ಲಿನ ಕುಟುಂಬವೊಂದು ಮಳಖೇಡದ ನೇಮಿನಾಥ ಬಸದಿಯ ದರ್ಶನ ಮಾಡಿ ಮರಳಿದರೆ ಹೆಚ್ಚು ಕಡಿಮೆ ಅಷ್ಟು ದೂರವಾಯಿತು. ಆ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬಂದಿದ್ದರೆ ಸುಮಾರು 10 ಕಿಲೋ ಕಲ್ಲಿದ್ದಲು ಉರಿದು, ಮೂರು ಕಿಲೋಗೂ ಮಿಕ್ಕಿ ಬೂದಿ ಉಳಿದಿರುತ್ತದೆ. ಅದೇ ದೂರಕ್ಕೆ ಪೆಟ್ರೋಲ್ ಕಾರು ಆರೇಳು ಲೀಟರ್ ಸುಡುತ್ತದೆ. ಎರಡರಿಂದಲೂ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಹದಿನಾಲ್ಕು ಹದಿನೈದು ಕಿಲೋಗ್ರಾಮಿನ ಆಸುಪಾಸು. ಆದರೆ ಆ 15 ಯೂನಿಟ್ ಬಿಸಿಲಿನಿಂದ ಬಂದಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಒಂದೇ ಕಾರು, ಒಂದೇ ಯಾತ್ರೆ. ಪ್ಲಗ್ಗು ಗೋಡೆಗೆ ಸೇರಿದ ಹೊತ್ತಿನಿಂದ ಹಿಂಸೆಯ ಪ್ರಮಾಣ ಬದಲಾಗುತ್ತದೆ.

ಹಿಂಸೆಯನ್ನು ತಾನು ಮಾಡಿದರೂ ಪರರಿಂದ ಮಾಡಿಸಿದರೂ ಮಾಡಿದವರನ್ನು ಮೆಚ್ಚಿದರೂ ಆಸ್ರವ ತಪ್ಪದೆಂದು ಕೃತ, ಕಾರಿತ, ಅನುಮತಗಳ ವಿವೇಚನೆ ಮಾಡಿದ ಧರ್ಮದಲ್ಲಿ, ಉರಿಯುವ ಒಲೆ ಕಣ್ಣಿಗೆ ಕಾಣುತ್ತಿಲ್ಲ ಎಂಬುದು ಸಮಾಧಾನವಾಗಲಾರದು. ಹದಿಮೂರನೆಯ ಶತಮಾನದ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕರಿಗೆ ಸಲ್ಲದ ಹದಿನೈದು ಕ್ರೂರಕರ್ಮಗಳನ್ನು ಎಣಿಸುವಾಗ ಇದ್ದಿಲು ಸುಡುವ ಕಸುಬನ್ನೂ ಬಂಡಿಯ ಕಸುಬನ್ನೂ ನೆಲ ಬಗೆಯುವ ಕಸುಬನ್ನೂ ಹೆಸರಿಸಿದ್ದಾರೆ. ವಿದ್ಯುತ್ ಕಾರಿನಲ್ಲಿ ಈ ಮೂರೂ ಒಟ್ಟುಗೂಡಿವೆ. ಕೊಂಡವನು ಬೆಂಕಿ ಹಚ್ಚಲಿಲ್ಲ, ಗುದ್ದಲಿ ಹಿಡಿಯಲಿಲ್ಲ. ಬೆಲೆ ಕೊಟ್ಟು ಮಾಡಿಸಿದ.

ವಿದ್ಯುತ್ ಜಾಲದ ಮೇಲಿನ ಭಾರದ ವಿಷಯದಲ್ಲಿ ಎರಡು ಕಡೆಯೂ ಅತಿಶಯೋಕ್ತಿಯಿದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಹತ್ತು ಲಕ್ಷ ಕಾರುಗಳಿಗೆ ಬೇಕಾಗುವುದು 180 ಕೋಟಿ ಯೂನಿಟ್. ಕರ್ನಾಟಕದ ಒಟ್ಟು ಬಳಕೆಯಲ್ಲಿ ಇದು ದೊಡ್ಡ ಪಾಲಲ್ಲ. ಅಪಾಯವಿರುವುದು ಹೊತ್ತಿನಲ್ಲಿ. ಅವೇ ಹತ್ತು ಲಕ್ಷ ಕಾರುಗಳು ಅಂಗಡಿ ಕಚೇರಿಗಳಿಂದ ಮರಳಿ ಸಂಜೆ ಏಳಕ್ಕೆ, ತಲಾ 7 ಕಿಲೋವಾಟಿನಂತೆ, ಏಕಕಾಲಕ್ಕೆ ಹೀರತೊಡಗಿದರೆ 7000 ಮೆಗಾವಾಟ್ ಬೇಕು. 2024ರ ಬೇಸಿಗೆಯಲ್ಲಿ ಇಡೀ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಓಣಿಯ ಮಟ್ಟದಲ್ಲಿ ಇದು ಇನ್ನೂ ಸ್ಪಷ್ಟ. ನೂರು ಕೆವಿಎ ಟ್ರಾನ್ಸ್‌ಫಾರ್ಮರಿನ ಕೆಳಗೆ ಹತ್ತು ಕಾರುಗಳು ಒಟ್ಟಿಗೆ ನಿಂತರೆ ಎಪ್ಪತ್ತು ಕಿಲೋವಾಟ್ ಅವುಗಳಿಗೇ ಹೋಯಿತು. ಓಣಿಯ ದೀಪ, ಫ್ಯಾನು, ಗಿರಣಿಗಳಿಗೆ ಉಳಿಯುವುದೆಷ್ಟು?

ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಉದ್ಯಾನವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಸಂಜೆ ಏಳಕ್ಕೆ ಅದರಿಂದ ಒಂದು ಯೂನಿಟ್ಟೂ ಬಾರದು. ನಡುಹಗಲಿನಲ್ಲಿ ಸೌರವಿದ್ಯುತ್ತು ಹೇರಳವಾದಾಗ ಉಷ್ಣಸ್ಥಾವರಗಳನ್ನು ತಗ್ಗಿಸಬೇಕಾಗುತ್ತದೆ, ಸೂರ್ಯ ಇಳಿದಂತೆ ಅವನ್ನೇ ಮತ್ತೆ ಏರಿಸಬೇಕಾಗುತ್ತದೆ. ಬೇಡಿಕೆ ಪೂರೈಕೆಯನ್ನು ಮೀರಿದರೆ ಜಾಲದ 50 ಹರ್ಟ್ಜ್ ಆವರ್ತನ ಕುಸಿಯುತ್ತದೆ. ಅದನ್ನು ಉಳಿಸಲು ಯಾವುದಾದರೂ ಮಾರ್ಗವನ್ನು ಕಡಿತಗೊಳಿಸಲೇಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲದೊಡನೆ ಬೆಸೆದ ಮೇಲೆ ಹೊರಗಿನಿಂದ ವಿದ್ಯುತ್ ತರಿಸುವುದು ಸುಲಭವಾಗಿದೆ, ನಿಜ. ಆದರೂ ಕಡಿತದ ಕಾಲ ಬಂದಾಗ ಕತ್ತಲಾಗುವುದು ಮೊದಲು ಹಳ್ಳಿಗಳು. ಬೆಂಗಳೂರಿನ ಬಡಾವಣೆಗಳ ಸರದಿ ಬಹಳ ಹಿಂದೆ.

2023ರಲ್ಲಿ ಇದು ಕಣ್ಣೆದುರೇ ನಡೆಯಿತು. ಮುಂಗಾರು ಕೈಕೊಟ್ಟು ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಆ ವರ್ಷ ಜಲಾಶಯಗಳು ತುಂಬಲಿಲ್ಲ. ಒಣಗುವ ಬೆಳೆಗೆ ನೀರೆತ್ತಲು ಪಂಪ್‌ಸೆಟ್ಟುಗಳು ಎಡೆಬಿಡದೆ ಓಡಬೇಕಾದ ಅಕ್ಟೋಬರಿನಲ್ಲಿಯೇ ಏಳು ಗಂಟೆಯ ತ್ರೀಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿಯಿತು. ರೈತರು ಬೀದಿಗಿಳಿದರು. ರಾಜ್ಯದೊಳಗೆ ಉತ್ಪಾದಿಸಿದ ವಿದ್ಯುತ್ತನ್ನು ಖಾಸಗಿಯವರು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೆಯ ಪ್ರಕರಣವನ್ನು ಪ್ರಯೋಗಿಸಬೇಕಾಯಿತು. ಅಂದಿನ ಕೊರತೆಗೆ ಕಾರುಗಳು ಕಾರಣವಲ್ಲ. ಹಾಗೆ ಹೇಳುವುದು ಅನ್ಯಾಯವಾದೀತು. ಕೊರತೆ ಬಂದಾಗ ಯಾರ ತಟ್ಟೆಯಿಂದ ಕಿತ್ತುಕೊಳ್ಳಲಾಗುತ್ತದೆ ಎಂಬುದನ್ನು ಆ ವರ್ಷ ತೋರಿಸಿತು. ತ್ರೀಫೇಸ್ ರಾತ್ರಿ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗುತ್ತಾನೆ. ಬದುವಿನ ಮೇಲೆ ಹಾವು ಚೇಳುಗಳ ನಡುವೆ ಬ್ಯಾಟರಿ ಹಿಡಿದು ನಡೆಯುತ್ತಾನೆ. ಅವನ ಕಾಲಿಗೆ ಸಿಕ್ಕುವ ಜೀವವೂ ಅವನ ಜೀವವೂ ಅಹಿಂಸೆಯ ಲೆಕ್ಕದೊಳಗೇ ಬರುತ್ತವೆ.

ಸೂರ್ಯಾಸ್ತದ ನಂತರ ಊಟ ಮಾಡದ ಕುಟುಂಬಗಳು ತಮ್ಮ ಕಾರಿಗೆ ಮಾತ್ರ ಆಗಲೇ ಉಣಬಡಿಸುತ್ತಿರುವುದು ವಿಚಿತ್ರವಾಗಿದೆ. ಈ ಹೋಲಿಕೆ ಮಾತಿನ ಚಮತ್ಕಾರಕ್ಕಾಗಿ ಬಂದುದಲ್ಲ. ಕತ್ತಲಲ್ಲಿ ಕಣ್ಣಿಗೆ ಬೀಳದ ಜೀವಗಳಿಗೆ ಹಾನಿಯಾಗುತ್ತದೆಂಬುದು ರಾತ್ರಿಭೋಜನ ತ್ಯಾಗಕ್ಕಿರುವ ಕಾರಣ. ಕತ್ತಲಾದ ಮೇಲೆ ಕಾರಿಗೆ ಹರಿಯುವ ಪ್ರತಿ ಹೆಚ್ಚುವರಿ ಯೂನಿಟ್ಟಿನ ಹಿಂದೆಯೂ ಕಣ್ಣಿಗೆ ಬೀಳದ ಒಲೆಯೊಂದರ ಉರಿ ಏರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯಂತ್ರಗಳು ರಾತ್ರಿಯೂ ತಿರುಗುತ್ತವೆ, ಶರಾವತಿಯ ನೀರೂ ದುಡಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೇಸಿಗೆಯ ಸಂಜೆಗೆ ಆ ಆಸರೆ ಸಾಲದು.

ಜಲಜನಕದ ಕಾರಿನ ಮಹಿಮೆಯೂ ಇತ್ತೀಚೆಗೆ ಹಾಡಲ್ಪಡುತ್ತಿದೆ. ಕೊಳವೆಯಿಂದ ನೀರಾವಿ ಮಾತ್ರ ಹೊರಬರುವುದರಿಂದ ಇದು ಇನ್ನೂ ಶುದ್ಧವಂತೆ. ಒಂದು ಕಿಲೋ ಜಲಜನಕವನ್ನು ನೀರಿನಿಂದ ಬೇರ್ಪಡಿಸಲು 50ರಿಂದ 55 ಯೂನಿಟ್ ವಿದ್ಯುತ್ತೂ ಕನಿಷ್ಠ 9 ಲೀಟರ್ ಶುದ್ಧ ನೀರೂ ಬೇಕು. ಅದರಿಂದ ಕಾರು ಸುಮಾರು ನೂರು ಕಿಲೋಮೀಟರ್ ಓಡುತ್ತದೆ. ಬ್ಯಾಟರಿಯ ಕಾರಿಗೆ 15 ಯೂನಿಟ್ ಸಾಕಾದ ದಾರಿಗೆ ಇದು ಮೂರು ಪಟ್ಟಿಗೂ ಮೀರಿ ನುಂಗಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. ಗೊಬ್ಬರ, ತೈಲ ಶುದ್ಧೀಕರಣ, ಉಕ್ಕಿನ ಉದ್ಯಮಗಳಿಗೆ ಅದರಿಂದ ಉಪಯೋಗವಿದ್ದೀತು. ಸ್ವಂತ ಸವಾರಿಗೆ ಅದು ಬರಿಯ ಅಪವ್ಯಯ.

ನೆಲ ಬಗೆಯುವ ಮಾತಿಗೂ ದೂರ ಹೋಗಬೇಕಾಗಿಲ್ಲ. ಬ್ಯಾಟರಿಗೆ ಬೇಕಾದ ಲಿಥಿಯಂ ಕುರಿತು 2024ರಲ್ಲಿ ಸಂಸತ್ತಿಗೆ ಉತ್ತರಿಸುವಾಗ ಕೇಂದ್ರ ಸರ್ಕಾರ ಮಂಡ್ಯದ ಮರಳಗಾಲದೊಡನೆ ಯಾದಗಿರಿ ಜಿಲ್ಲೆಯ ಹೆಸರನ್ನೂ ಹೇಳಿತು. ಇದೇ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದ್ದು, ಗಣಿಗಾರಿಕೆಯ ಪ್ರಸ್ತಾಪ ಬಂದಾಗ ಕುಡಿಯುವ ನೀರು ಕೆಡುವ ಭೀತಿಯಿಂದ ಜನ ವಿರೋಧಿಸಿದ್ದಾರೆ. ದೂರದ ಊರಿನವರ ಶುದ್ಧ ಸವಾರಿಗಾಗಿ ನಾಳೆ ಈ ನೆಲವೇ ತೆರೆದುಕೊಳ್ಳಬಹುದು.

ಹಾಗಾದರೆ ಪೆಟ್ರೋಲ್ ಕಾರೇ ಲೇಸೇ? ಖಂಡಿತ ಅಲ್ಲ. ಪೆಟ್ರೋಲನ್ನು ಯಾವ ಹೊತ್ತಿನಲ್ಲಿ ತುಂಬಿಸಿದರೂ ಅದು ಪೆಟ್ರೋಲೇ. ವಿದ್ಯುತ್ ಕಾರಿನಲ್ಲಾದರೋ ಹಿಂಸೆಯನ್ನು ತಗ್ಗಿಸುವ ಸ್ವಾತಂತ್ರ್ಯ ಬಳಸುವವನ ಕೈಯಲ್ಲಿದೆ. ಆ ಸ್ವಾತಂತ್ರ್ಯವನ್ನು ಬಳಸದೆ ಬಿರುದನ್ನು ಮಾತ್ರ ಧರಿಸುವುದೇ ಆಕ್ಷೇಪಾರ್ಹ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ಬೆಂಕಿ ಹೊತ್ತಿಸುವುದು ಇವುಗಳ ಜೊತೆಗೇ ಸುಮ್ಮನೆ ತಿರುಗಾಡುವುದನ್ನೂ ತಿರುಗಾಡಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದೆ. ಮುನಿಗಳು ಬರಿಗಾಲಿನಲ್ಲಿ ವಿಹಾರ ಹೊರಟಾಗ ಹಿಂದೆ ಆಳಿಗೊಂದರಂತೆ ಸಾಲುಗಟ್ಟುವ ಕಾರುಗಳು ಯಾವ ಇಂಧನದಿಂದ ಓಡಿದರೇನು?

ಟ್ರಸ್ಟುಗಳು ಮಾಡಬಹುದಾದುದು ಕಷ್ಟದ ಕೆಲಸವಲ್ಲ. ಧರ್ಮಶಾಲೆಯ ಛಾವಣಿಯಲ್ಲಿ ನೂರು ಚದರ ಅಡಿಯಷ್ಟು ಜಾಗ ಹಿಡಿಯುವ ಒಂದು ಕಿಲೋವಾಟಿನ ಸೌರಫಲಕ ಈ ಬಿಸಿಲು ಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಕಾರು ಇಪ್ಪತ್ತೈದು ಕಿಲೋಮೀಟರ್ ಓಡಲು ಅದು ಸಾಕು. ಚಾರ್ಜಿಂಗ್ ಪಾಯಿಂಟಿಗೆ ಟೈಮರ್ ಅಳವಡಿಸಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ವಿದ್ಯುತ್ ಹರಿಯುವಂತೆ ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯಿಸಲಿ. ‘ಅಹಿಂಸಾ ವಾಹನ’ವೆಂಬ ಫಲಕಗಳನ್ನು ತೆಗೆಸಲಿ. ರಾತ್ರಿ ಬಂದ ಯಾತ್ರಿಕರ ಕಾರಿಗೆ ಏನು ಗತಿ ಎಂಬ ಪ್ರಶ್ನೆ ಏಳುತ್ತದೆ. ಸೂರ್ಯಾಸ್ತಕ್ಕೆ ಧರ್ಮಶಾಲೆಯ ಅಡುಗೆಮನೆ ಮುಚ್ಚಿದ ಮೇಲೆ ಬಂದವರು ಬೆಳಗಿನ ಉಪಾಹಾರಕ್ಕೆ ಕಾಯುತ್ತಾರೆ, ಕಾರೂ ಕಾಯಲಿ. ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಕ್ಕೆಂದು ಬೀಗದ ಕೈ ವ್ಯವಸ್ಥಾಪಕರ ಬಳಿ ಇರಲಿ, ಅಂದು ಬಳಸಿದ ಯೂನಿಟ್ಟನ್ನು ಪುಸ್ತಕದಲ್ಲಿ ಬರೆದಿಡಲಿ.