‘ಕೊಳಕು ಊರು’ ಎಂಬ ತೀರ್ಪು

ಯುರೋಪ್ ಪ್ರವಾಸ ಮುಗಿಸಿ ಬಂದ ನಮ್ಮವರನ್ನು ಮಾರ್ಸೇಲ್ಸ್ ನಗರದ ವಿಷಯ ಕೇಳಿ ನೋಡಿ. “ಅಯ್ಯೋ, ಕೊಳಕು ಊರು, ಎರಡು ಗಂಟೆ ಸಾಕು” ಎನ್ನುತ್ತಾರೆ. ಹಡಗಿನಿಂದಿಳಿದು ಬಸ್ಸು ಹತ್ತಿ, ಗುಡ್ಡದ ಮೇಲಿನ ಇಗರ್ಜಿ ನೋಡಿ, 1910ರಲ್ಲಿ ಸಾವರ್ಕರರು ಧುಮುಕಿದ ಕಡಲು ಇದೇ ಎಂದು ಒಂದು ಫೋಟೋ ತೆಗೆಸಿಕೊಂಡು, ಮತ್ತೆ ಹಡಗು ಹತ್ತಿದವರ ಮಾತಿದು. ಒಂದು ಗಲ್ಲಿಯನ್ನೂ ತುಳಿಯದವರಿಗೆ ಇಷ್ಟು ದೊಡ್ಡ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತು?

ಬಾಯಿಗೆ ಬಂದ ಮಾತು, ಬಿಟ್ಟುಬಿಡಿ ಎನ್ನಬಹುದು. ಬಿಡುವಂತಿಲ್ಲ. ಆ ಊರಿನಲ್ಲಿ ಈ ಮಾತಿಗೊಂದು ಚರಿತ್ರೆಯಿದೆ.

ಹಳೆಯ ಬಂದರಿನ ಉತ್ತರ ದಂಡೆಯಲ್ಲಿ ನಡೆಯಿರಿ. 17ನೆಯ ಶತಮಾನದ ನಗರಸಭಾ ಭವನ ನಿಂತಿದೆ. ಅದರ ಎಡಬಲಕ್ಕೆಲ್ಲ ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಮನೆಗಳ ಸಾಲು. ಬಸ್ಸಿನ ಕಿಟಕಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕಾಲ್ನಡೆಯವನು ಮಾತ್ರ ಕೇಳುತ್ತಾನೆ: ಗ್ರೀಕರು ಕ್ರಿಸ್ತಪೂರ್ವ 600ರ ಸುಮಾರಿಗೆ ನೆಲೆಯೂರಿದ ಊರಿನ ಎದೆಯಲ್ಲಿ ಹಳೆಯದೆಲ್ಲ ಎಲ್ಲಿ ಹೋಯಿತು?

1943ರ ಫೆಬ್ರುವರಿಯಲ್ಲಿ ಹೋಯಿತು. ಇದು ಪಾತಕಿಗಳ ಬೀಡು, ಕೊಳಕಿನ ಕೂಪ ಎಂದು ಹೇಳಿ ನಾಜಿಗಳು, ಫ್ರೆಂಚ್ ಪೊಲೀಸರ ನೆರವಿನಿಂದಲೇ, ಜನವರಿಯಲ್ಲಿ ಸುಮಾರು 20 ಸಾವಿರ ಜನರನ್ನು ಮನೆಗಳಿಂದ ಹೊರಡಿಸಿದರು. ಬೆಸ್ತರು, ಬಂದರಿನ ಕೂಲಿಗಳು, ಇಟಲಿಯಿಂದ ಬಂದು ನೆಲಸಿದ ಬಡವರು. ಆ ದಿನಗಳಲ್ಲಿ ಊರಿನಲ್ಲೆಲ್ಲ ಬೀಸಿದ ಬಲೆಗೆ ಸಿಕ್ಕ ನೂರಾರು ಯಹೂದಿಗಳು ಸೋಬಿಬೋರ್ ಎಂಬ ಕೊಲೆಗೂಡಿಗೆ ಸಾಗಿದರು. ಬಳಿಕ ಸುಮಾರು 1,500 ಕಟ್ಟಡಗಳನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು. ಈ ಕೇರಿಯನ್ನು ಕೆಡವುವ ನಕ್ಷೆಗಳು ನಗರ ಯೋಜಕರ ಕಾಗದದ ಮೇಲೆ ಮೊದಲೇ ಇದ್ದವು. ಸಿಡಿಮದ್ದು ಜರ್ಮನರದು, ‘ಕೊಳಕು’ ಎಂಬ ಮಾತು ಸಭ್ಯರದು.

ಹಳೆಯ ಗಲ್ಲಿಗಳು ರೋಗದ ತವರಲ್ಲವೇ ಎಂದು ವೈದ್ಯಶಾಸ್ತ್ರವನ್ನು ಮುಂದಿಡುವವರಿದ್ದಾರೆ. 1720ರ ಪ್ಲೇಗನ್ನೇ ನೋಡೋಣ. ಸುಮಾರು 90 ಸಾವಿರ ಜನರಿದ್ದ ಊರಿನಲ್ಲಿ ಅರ್ಧದಷ್ಟು ಮಂದಿ ಸತ್ತರು. ಆ ಮಾರಿ ಹುಟ್ಟಿದ್ದು ಗಲ್ಲಿಯಲ್ಲಲ್ಲ. ಅದು ಬಂದದ್ದು ‘ಗ್ರಾಂ ಸೇಂಟ್ ಆಂಟ್ವಾನ್’ ಎಂಬ ಹಡಗಿನ ಬಟ್ಟೆಯ ಮೂಟೆಗಳಲ್ಲಿ. ಸರಕು ಜಾತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂಬ ಅವಸರದಲ್ಲಿ ದಿಗ್ಬಂಧನದ ಕಟ್ಟಳೆಯನ್ನು ಸಡಿಲಿಸಲಾಯಿತು. ನಗರದ ಆಡಳಿತಗಾರರಲ್ಲೊಬ್ಬನಿಗೇ ಆ ಸರಕಿನಲ್ಲಿ ಪಾಲಿತ್ತು. ಹಾಗಾದರೆ ಕೊಳಕು ಯಾರ ಮನೆಯದು? ಗಲ್ಲಿಯವನದೋ, ಗಲ್ಲಾಪೆಟ್ಟಿಗೆಯವನದೋ?

“ನೀವು ಬಡತನಕ್ಕೆ ಬಣ್ಣ ಹಚ್ಚುತ್ತಿದ್ದೀರಿ” ಎಂಬ ಆಕ್ಷೇಪಣೆಯೂ ಬರುತ್ತದೆ. ಇದಕ್ಕೆ ಮಾತ್ರ ನಿಂತು ಉತ್ತರ ಹೇಳಬೇಕು. ಹಳೆಯ ಬಂದರಿನಿಂದ ಕೆಲವೇ ನಿಮಿಷ ನಡೆದರೆ ನೋಆಯ್ ಸಂತೆಕೇರಿ. ಉತ್ತರ ಆಫ್ರಿಕದ ಸಂಬಾರ ಪದಾರ್ಥಗಳ ಅಂಗಡಿಗಳ ಬೀದಿ. ಅಲ್ಲಿಯ ಓಬಾನ್ಯ್ ರಸ್ತೆಯಲ್ಲಿ 2018ರ ನವೆಂಬರ್ 5ರಂದು ಜೀರ್ಣವಾದ ಮನೆಗಳು ಕುಸಿದು 8 ಮಂದಿ ಸತ್ತರು. ಬಾಡಿಗೆಯವರು ಗೋಡೆಯ ಬಿರುಕುಗಳ ಬಗ್ಗೆ ಮೊದಲೇ ದೂರಿದ್ದರು. ನಗರದಲ್ಲಿ ಸುಮಾರು ಒಂದು ಲಕ್ಷ ಜನ ವಾಸಕ್ಕೆ ಯೋಗ್ಯವಲ್ಲದ ಮನೆಗಳಲ್ಲಿದ್ದಾರೆಂದು 2015ರಲ್ಲೇ ಸರ್ಕಾರಕ್ಕೆ ವರದಿ ಹೋಗಿತ್ತು. ಬಿರುಕು ಬಿಟ್ಟ ಗೋಡೆಯನ್ನು ಚೆಂದವೆನ್ನುವವನು ಮೂರ್ಖ. ಆದರೆ ಕೊಳಕೆಂದು ಮುಖ ತಿರುಗಿಸುವವನೂ, ಕೊಳಕೆಂದು ಕೆಡವುವವನೂ ಆ ಗೋಡೆಯನ್ನು ರಿಪೇರಿ ಮಾಡಿಸುವುದಿಲ್ಲ. ಬಡವನಿಗೆ ಬೇಕಾದದ್ದು ಸುಣ್ಣ, ಗಾರೆ, ತೊಲೆ; ಹೊಗಳಿಕೆಯೂ ಅಲ್ಲ, ಹಾರೆಯೂ ಅಲ್ಲ.

ಎರಡು ದಿನದ ಯಾತ್ರಿಕನಿಂದ ಇದಕ್ಕೇನು ಉಪಕಾರ ಎನ್ನುತ್ತೀರಾ? ಗೋಡೆ ಕಟ್ಟುವ ಉಪಕಾರ ಅವನಿಂದಾಗದು. ತಾನು ಕಾಣದ ಊರಿನ ಮೇಲೆ ಕೆಟ್ಟ ಹೆಸರು ಹೇರದಿರುವ ಉಪಕಾರವಾದೀತು. ಆದ್ದರಿಂದ ಹೋಗುವವರು ಸೇಂಟ್ ಶಾರ್ಲ್ ರೈಲು ನಿಲ್ದಾಣದ 104 ಮೆಟ್ಟಿಲುಗಳನ್ನು ಇಳಿದು ಹೋಗಿ. ಹಿಂದೆ ಸೆಣಬಿನ ಹಗ್ಗ ಹೊಸೆಯುತ್ತಿದ್ದವರಿಂದ ಹೆಸರು ಪಡೆದ ಕಾನಬಿಯೇರ್ ಬೀದಿಯಲ್ಲಿ ನಡೆದು, ನೋಆಯ್ ಕೇರಿಯನ್ನು ಹೊಕ್ಕು, ಮೀನು ಮಾರುವ ದಂಡೆಗೆ ಬನ್ನಿ. ಆ ಮೇಲೂ ‘ಕೊಳಕು’ ಎನ್ನಬೇಕೆನಿಸಿದರೆ, ಯಾರು ಮಾಡಿದ ಕೊಳಕು ಎಂಬುದನ್ನೂ ಸೇರಿಸಿ ಹೇಳಿ.