ಸೇವೆಗೊಂದು ಸರದಿ

ಸೇವೆ ಎಂದರೇನೆಂಬುದನ್ನು ನಮ್ಮ ಕೊಪ್ಪಳ ಸೀಮೆಯವರಿಗೆ ಯಾರೂ ಬಂದು ಕಲಿಸಬೇಕಾಗಿಲ್ಲ. ಪುಷ್ಯ ಬಹುಳ ಬಿದಿಗೆಯಂದು ಶ್ರೀ ಗವಿಸಿದ್ಧೇಶ್ವರರ ತೇರು ಎಳೆಯುವುದಕ್ಕೆ ಎಷ್ಟೋ ದಿನ ಮೊದಲೇ ಹಳ್ಳಿಹಳ್ಳಿಗಳಲ್ಲಿ ಜೋಳ ಹಸನಾಗುತ್ತದೆ, ಹಂಚು ಒಲೆಯೇರುತ್ತದೆ. ಓಣಿಯ ಹೆಂಗಸರು ಕೂಡಿ ಬಡಿದ ರೊಟ್ಟಿಗಳು ಮಾದಲಿ, ಕಾಳುಕಡಿ, ಕಾಯಿಪಲ್ಲೆಗಳ ಸಂಗಡ ಟ್ರ್ಯಾಕ್ಟರುಗಳನ್ನೇರಿ, ಭಜನೆ ಮೇಳದೊಡನೆ, ಗವಿಮಠದ ಮಹಾದಾಸೋಹವನ್ನು ಸೇರುತ್ತವೆ. ಅಲ್ಲಿ ಲಕ್ಷಗಟ್ಟಲೆ ಮಂದಿ ಉಂಡೇಳುತ್ತಾರೆ. ಬಡಿಸುವ ಕೈಗಳು ಭಕ್ತರವೇ. ಇಷ್ಟು ದೊಡ್ಡ ಅಡಿಗೆಮನೆಯನ್ನು ಭಕ್ತಿಯೊಂದರಿಂದಲೇ ನಡೆಯಿಸುವ ಜನ ಸಾಮಾನ್ಯರಲ್ಲ. ನಾನು ಅಳವಂಡಿಯವಳು, ಈ ಹೆಮ್ಮೆ ನನ್ನದೂ ಹೌದು.

ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ಪ್ರಶ್ನೆ ಹಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ಜಾತ್ರೆ ಮುಗಿದ ಮೇಲೆ ಈ ಕೈಗಳೆಲ್ಲ ಎಲ್ಲಿ ಹೋಗುತ್ತವೆ?

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯಿದ್ದಾಳೆ. ಮಗ, ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ವರ್ಷವರ್ಷವೂ ದಾಸೋಹಕ್ಕೆ ರೊಟ್ಟಿ ಬಡಿಯುವಾಗ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಏಳುತ್ತಿದ್ದವಳು ಆಕೆ. ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು, ಸೊಂಟ ನೋಯಿಸಿಕೊಂಡು ಎರಡು ತಿಂಗಳು ಹಾಸಿಗೆ ಹಿಡಿದಳು. ಮಗ ಬಂದು ನಾಲ್ಕು ದಿನವಿದ್ದು ಹೋದ; ಅವನ ಕೆಲಸ ಅಂಥದು. ಮೊದಮೊದಲು ನೆರೆಹೊರೆಯವರೆಲ್ಲ ಬಂದು ಮಾತಾಡಿಸಿದರು. ಆಮೇಲೆ ನಡೆದದ್ದು ವಿಚಿತ್ರ. ಒಂದು ದಿನ ಮೂರು ಮನೆಗಳಿಂದ ಊಟ ಬರುವುದು. ಮರುದಿನ ಯಾರಾದರೂ ಕೊಟ್ಟಿರುತ್ತಾರೆಂದು ತಿಳಿದು ಯಾರೂ ಕೊಡದಿರುವುದು. ರಕ್ತದೊತ್ತಡದ ಗುಳಿಗೆ ತೀರಿ ವಾರವಾಗಿದ್ದರೂ ಅದು ಒಬ್ಬರಿಗೂ ತಿಳಿದಿರಲಿಲ್ಲ. ಒಂದು ಸಂಜೆ ನಾನು ಹತ್ತಿರ ಕುಳಿತಾಗ ಆಕೆ ಅಂದಳು: “ಜಾತ್ರಿಗೆ ಊರೆಲ್ಲಾ ಬರತೈತವ್ವಾ, ಬ್ಯಾನಿಗೆ ಯಾರ ಬರತಾರ?” ಸಿಟ್ಟಿನಿಂದ ಅಂದ ಮಾತಲ್ಲ, ಮಳೆ ಬಂತು, ಬರಲಿಲ್ಲ ಎಂದು ಹೇಳುವಂತೆ ಹೇಳಿದಳು.

ಓಣಿಯವರು ಕೆಟ್ಟವರೆಂದು ಇದರ ಅರ್ಥವಲ್ಲ. ಅವರಲ್ಲಿ ಯಾರನ್ನು ಕರೆದಿದ್ದರೂ ಬರುತ್ತಿದ್ದರು. ಕರೆಯುವವರು ಯಾರು, ಇಂದು ಯಾರ ಪಾಳಿ, ನಾಳೆ ಯಾರದು ಎಂಬ ಗೊತ್ತುವಳಿಯೇ ಇರಲಿಲ್ಲ. ಎಲ್ಲರದೂ ಆದ ಕೆಲಸ ಯಾರದೂ ಅಲ್ಲದ ಕೆಲಸವಾಯಿತು.

ಈ ವಿಚಾರ ತಲೆಯಲ್ಲಿದ್ದಾಗಲೇ ಅಮೆರಿಕದ ಎಪಿಸ್ಕೋಪಲ್ ಸಭೆಯೆಂಬ ಕ್ರೈಸ್ತ ಪಂಗಡದ ಸೇವಾಪದ್ಧತಿಯ ಬಗೆಗೆ ಓದಲು ಸಿಕ್ಕಿತು. ಹೆಸರು ಅಪರಿಚಿತವಾದರೂ ಬಳಗ ತೀರ ದೂರದ್ದಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ನಮ್ಮ ಮಗ್ಗುಲಿನ ಬೆಟಗೇರಿಗೂ ಬಂದು ನೆಲೆಸಿದರಷ್ಟೆ. ಅವರು ಕಟ್ಟಿದ ಸಭೆಗಳು ಇಂದು ದಕ್ಷಿಣ ಭಾರತ ಸಭೆಯಲ್ಲಿ ಸೇರಿವೆ. ಆ ಸಭೆಯೂ ಈ ಎಪಿಸ್ಕೋಪಲ್ ಸಭೆಯೂ ಆಂಗ್ಲಿಕನ್ ಎಂಬ ಒಂದೇ ಬಳಗದವು.

ಒಂದೊಂದು ಊರಿನ, ಇಲ್ಲವೆ ಪೇಟೆಯ ಸಭೆಯನ್ನು ಅವರು ಪ್ಯಾರಿಷ್ ಎನ್ನುತ್ತಾರೆ. ಪಾದ್ರಿಗಳಿರುತ್ತಾರೆ, ಹಣಕಾಸು, ಕಟ್ಟಡ ನೋಡಿಕೊಳ್ಳಲು ಸಭೆಯವರೇ ಆರಿಸಿದ ವೆಸ್ಟ್ರಿ ಎಂಬ ಮಂಡಳಿಯಿರುತ್ತದೆ. ಮಿಕ್ಕ ಕೆಲಸಗಳಲ್ಲಿ ಬಹುಪಾಲು ಸಂಸಾರಸ್ಥರಾದ ಸಾಮಾನ್ಯ ಜನರ ಮೇಲೆ ನಿಂತಿದೆ. ಬಾಗಿಲಲ್ಲಿ ನಿಂತು ಬಂದವರನ್ನು ಕರೆದು ಕೂಡಿಸುವವರು, ಗ್ರಂಥಪಾಠ ಓದುವವರು, ಹಾಡುವವರು, ಮಕ್ಕಳಿಗೆ ಕಲಿಸುವವರು, ಆರಾಧನೆಯ ಬಳಿಕ ಕಾಫಿ ಕಾಸಿ ಲೋಟ ತೊಳೆಯುವವರು, ಹೀಗೆ ಒಂದೊಂದಕ್ಕೂ ಜನ ಗೊತ್ತಾಗಿರುತ್ತಾರೆ. ಯಾವ ಭಾನುವಾರ ಯಾರು ಎಂಬ ಪಟ್ಟಿ ಮುಂಚಿತವಾಗಿಯೇ ತಯಾರಾಗುತ್ತದೆ. ಆಲ್ಟರ್ ಗಿಲ್ಡ್ ಎಂಬ ಒಂದು ಗುಂಪಿನ ಕೆಲಸವನ್ನಂತೂ ಸಭಿಕರು ಕಣ್ಣಿಂದ ಕಾಣುವುದೇ ಅಪರೂಪ: ಎಲ್ಲರೂ ಬರುವ ಮೊದಲು ವೇದಿಕೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹಾಸುವುದು, ಪಾತ್ರೆ ಬೆಳಗುವುದು, ಹೂವಿಡುವುದು, ಎಲ್ಲರೂ ಹೋದ ಮೇಲೆ ಮತ್ತೆ ಎತ್ತಿಡುವುದು.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಸೇವೆ. ಭಾನುವಾರದ ಆರಾಧನೆಯಲ್ಲಿ ಹಂಚಿದ ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಒಂದು ಪಾಲನ್ನು, ಬಿಷಪ್ಪರಿಂದ ಅಪ್ಪಣೆ ಪಡೆದ ಸಾಮಾನ್ಯ ಸಭಿಕರೇ, ಅಂದು ಬರಲಾಗದೆ ಮನೆಯಲ್ಲಿ ಮಲಗಿರುವ ರೋಗಿಗಳಿಗೂ ಮುದುಕರಿಗೂ ಒಯ್ದು ಕೊಡುತ್ತಾರೆ. (ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ರೊಟ್ಟಿಯೆಂದೇ ಹೆಸರು. ನಮ್ಮ ಅಜ್ಜಿಗೆ ಹೇಳಿದರೆ ನಕ್ಕಾಳು.) ಪಂಕ್ತಿಗೆ ಬರಲಾರದವನು ಪಂಕ್ತಿಯಿಂದ ಹೊರಗಾಗಬಾರದು ಎಂಬ ಎಣಿಕೆ ಅದರಲ್ಲಿದೆ. ಇಡೀ ಪದ್ಧತಿಯಲ್ಲಿ ಇದೊಂದನ್ನೇ ನಾವು ಎರವಲು ತಂದುಕೊಂಡರೂ ಸಾಕೆಂದು ನನಗೆ ತೋರುತ್ತದೆ.

ಅಲ್ಲಿಯೂ ಎಲ್ಲವೂ ನೆಟ್ಟಗಿತ್ತೆಂದು ತಿಳಿಯಬೇಡಿರಿ. ಬಟ್ಟೆ ಒಗೆಯುವ, ಪಾತ್ರೆ ಬೆಳಗುವ ಸೇವೆ ಬಹುಕಾಲ ಹೆಂಗಸರ ಪಾಲಿಗೇ ಬಂದಿತ್ತು. ಅವರ ಮಹಾಸಭೆಯಲ್ಲಿ ಹೆಂಗಸರು ಪ್ರತಿನಿಧಿಗಳಾಗಿ ಕೂತದ್ದು 1970ರಲ್ಲಿ. ಪಾದ್ರಿಗಳಾಗಬಹುದೆಂದು ಆ ಸಭೆ ಒಪ್ಪಿದ್ದು 1976ರಲ್ಲಿ. ಸೇವೆಯ ಪಟ್ಟಿ ಬರೆಯುವವನ ಕಣ್ಣು ಎಷ್ಟು ದೂರ ಕಾಣುತ್ತದೋ ಪಟ್ಟಿಯೂ ಅಷ್ಟೇ ದೂರ ಹೋಗುತ್ತದೆ. ನಮ್ಮಲ್ಲಿ ಬುಟ್ಟಿ ಹಿಡಿದು ಬಡಿಸುವ ತರುಣನ ಭಾವಚಿತ್ರ ಅಂದೇ ಮೊಬೈಲಿನಲ್ಲಿ ಊರೆಲ್ಲ ಸುತ್ತುತ್ತದೆ. ನಸುಕಿನಲ್ಲೆದ್ದು ಹೊಗೆಯಲ್ಲಿ ಕುಳಿತು ನೂರು ರೊಟ್ಟಿ ಬಡಿದವಳ ಚಿತ್ರ ತೆಗೆದವರನ್ನು ನಾನು ನೋಡಿಲ್ಲ.

ಕೆಲವರು ಕೇಳಬಹುದು: ಭಕ್ತಿಯಿಂದ ತಾನಾಗಿ ಹುಟ್ಟಬೇಕಾದ ಸೇವೆಗೆ ಪಟ್ಟಿ, ಪಾಳಿ, ಹಾಜರಿ ಎಂದು ಕಟ್ಟಿಹಾಕಿದರೆ ಅದು ಸರಕಾರಿ ಕಚೇರಿಯಾಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದಾಸೋಹವು ಕಾಯಕದಿಂದ ಬೇರೆಯಾಗಿರಲಿಲ್ಲ, ಕಾಯಕವಾದರೋ ನಿತ್ಯದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳಿಸಿದಳೆಂಬ ಕಥೆ ನಾವೆಲ್ಲ ಕೇಳಿದ್ದೇ. ದಿನದ ಪಾಲು ದಿನಕ್ಕೆ, ಒಂದು ದಿನ ಅಬ್ಬರಿಸಿ ಮರುದಿನ ಬಿಡುವುದಲ್ಲ. ನುಲಿಯ ಚಂದಯ್ಯನ ಕಥೆ ಇನ್ನೂ ಬಿರುಸಾದುದು: ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಆತ ಹಗ್ಗದ ಕಾಯಕ ಬಿಡಲಿಲ್ಲವಂತೆ, ಕಡೆಗೆ ಲಿಂಗಯ್ಯನೇ ಬೆನ್ನು ಹತ್ತಿ ಬರಬೇಕಾಯಿತು. ಇವರಿಗೆ ಗೊತ್ತಾದ ಕೆಲಸ ಭಕ್ತಿಗೆ ಅಡ್ಡ ಬರಲಿಲ್ಲ, ನಮಗೇಕೆ ಬಂದೀತು?

ಜಾತ್ರೆಯ ಆಚೆಗೆ ಸೇವೆ ನಡೆಯಲಾರದೆಂಬುದೂ ಸುಳ್ಳು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳವನ್ನು ಸ್ವಚ್ಛಗೊಳಿಸಲು ಹೊರಟಾಗ ಊರೂರಿನ ಜನ ಹಳ್ಳಕ್ಕಿಳಿದರು. 2021ರಲ್ಲಿ ಕೊರೋನಾ ಎರಡನೆಯ ಸಲ ಬಂದಾಗ ಮಠದವರು ರೋಗಿಗಳಿಗಾಗಿ ಆಸ್ಪತ್ರೆಯನ್ನೇ ತೆರೆದರು. ಇನ್ನೂ ಹಿಂದಕ್ಕೆ ಹೋದರೆ, ನಿಜಾಮನ ಆಳಿಕೆಯ ಕಡೆಯ ದಿನಗಳಲ್ಲಿ ನಮ್ಮೂರಿನ ಹೆಸರನ್ನು ನಾಡಿಗೆ ತಿಳಿಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ವಿಮೋಚನೆಯ ಶಿಬಿರ ನಡೆಯಿಸಿದರು. ಶಿಬಿರವೆಂದ ಮೇಲೆ ಅಲ್ಲಿ ಮುಂದಾಳುಗಳಷ್ಟೇ ಇರಲಾರರು. ನೀರು ಹೊತ್ತವರು, ರಾತ್ರಿ ಕಾವಲು ಕೂತವರು, ಒಲೆ ಹೊತ್ತಿಸಿದವರು ಇದ್ದೇ ಇರಬೇಕು. ಅಂಥವರು ಪಾಳಿ ತಪ್ಪಿಸಿದ್ದರೆ ಶಿಬಿರ ಎರಡು ದಿನ ನಡೆಯುತ್ತಿರಲಿಲ್ಲ. ಒಬ್ಬ ಹಿರಿಯರು ಕರೆದಾಗ ಸಾವಿರ ಜನ ಏಳುವುದು ದೊಡ್ಡದೇ. ಯಾರೂ ಕರೆಯದ ಮಂಗಳವಾರ ಮಧ್ಯಾಹ್ನ ಒಬ್ಬನಾದರೂ ಏಳುವಂತೆ ಮಾಡುವುದು ಹೇಗೆಂಬುದೇ ನನ್ನ ಪ್ರಶ್ನೆ.

ಇಲ್ಲಿ ನಮ್ಮ ಕಾಲೇಜಿನ ಮಾತು ಬರುತ್ತದೆ. ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಸ್ವಯಂಸೇವಕರಾದವರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಏಳು ದಿನದ ವಿಶೇಷ ಶಿಬಿರ ಬೇರೆ. ಶಿಬಿರವೇನೋ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ: ಹಾಡು, ನಾಟಕ, ಗುಡಿಯ ಮುಂದಿನ ಕಸ ತೆಗೆದದ್ದು. ಆ 120 ಗಂಟೆಗಳನ್ನು 52 ವಾರಕ್ಕೆ ಹಂಚಿ ನೋಡಿರಿ. ವಾರಕ್ಕೆ ಎರಡು ಗಂಟೆಗಿಂತ ತುಸು ಹೆಚ್ಚು. ಒಬ್ಬ ಮುದುಕಿಯ ಮನೆಗೆ ಹೋಗಿ ಎರಡು ಕೊಡ ನೀರು ತುಂಬಿ, ಗುಳಿಗೆಯ ಚೀಟಿ ನೋಡಿ, ಬ್ಯಾಂಕಿನಿಂದ ಬಂದ ಕಾಗದ ಓದಿ ಹೇಳಿ, ಅರ್ಧ ತಾಸು ಮಾತಾಡಿ ಬರಲು ಅಷ್ಟು ಧಾರಾಳವಾಗಿ ಸಾಕು. ಪಡಿತರದ ಅಂಗಡಿಯಲ್ಲಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಬರಿಗೈಲಿ ಮರಳುವವರ ಸಂಗಡ ಹೋಗಿ ವಿಚಾರಿಸುವುದಕ್ಕೂ ಅಕ್ಷರ ಬಲ್ಲ ಒಬ್ಬರು ಬೇಕು. ಬಿ.ಎ. ಓದುವ ನಾವು ಇಷ್ಟಕ್ಕಾದರೂ ಉಪಯೋಗವಾಗಬೇಡವೇ?

ನನ್ನ ಸೂಚನೆ ಸಣ್ಣದು. ನಮ್ಮೂರಿನಲ್ಲಿ ಹಾಸಿಗೆ ಹಿಡಿದವರ, ಒಂಟಿಯಾಗಿರುವ ಮುದುಕರ ಮನೆಗಳನ್ನು ಅವರ ಒಪ್ಪಿಗೆ ಪಡೆದು ಗುರುತಿಸುವುದು. ಒಂದೊಂದು ಮನೆಗೆ ನಾಲ್ವರು, ತಿಂಗಳಿಗೆ ಒಬ್ಬರಿಗೆ ಒಂದು ವಾರದ ಪಾಳಿ. ಪರೀಕ್ಷೆಯ ಕಾಲದಲ್ಲಿ ಅದಲುಬದಲು ಮಾಡಿಕೊಳ್ಳಬಹುದು, ಬಿಡುವಂತಿಲ್ಲ. ಜಾತ್ರೆಯಿಂದ ಬರುವಾಗ ಆ ಮನೆಗಳಿಗೆ ಪ್ರಸಾದ ತರುವುದೂ ಪಾಳಿಯವರ ಕೆಲಸ.

ಒಂದು ಮಾತನ್ನು ಮಾತ್ರ ಈಗಲೇ ಸ್ಪಷ್ಟಪಡಿಸುವೆ. ಪಾಳಿಯನ್ನು ಓಣಿ ನೋಡಿ ಹಂಚಬಾರದು. ಊರ ಹೊರಗಿನ ಕೇರಿಯ ಹುಡುಗ ಗೌಡರ ಓಣಿಯ ಅಜ್ಜನಿಗೆ ನೀರು ತಂದುಕೊಡಬೇಕು, ಗೌಡರ ಓಣಿಯ ಹುಡುಗಿ ಕೇರಿಗೆ ಹೋಗಿ ಅಲ್ಲಿಯ ಅಜ್ಜಿಯ ಸಂಗಡ ಉಣ್ಣಬೇಕು. ಅಜ್ಜ ಆ ನೀರನ್ನು ಕುಡಿಯುತ್ತಾನೆಯೇ ಎಂದು ಗೆಳತಿಯೊಬ್ಬಳು ಕೇಳಿದಳು. ಕುಡಿಯದಿದ್ದರೆ ನೀರು ಅಲ್ಲಿಯೇ ಇರಲಿ. ಮುಂದಿನ ವಾರವೂ ಅದೇ ಹುಡುಗನೇ ಹೋಗಲಿ. ಅವನಿಗೆ ಬೇಸರವಾದರೆ ನಾವೂ ಜೊತೆಗೆ ಹೋಗೋಣ. ಇದಕ್ಕೆ ಒಪ್ಪದ ಪಟ್ಟಿಯಲ್ಲಿ ನನ್ನ ಹೆಸರು ಬೇಡ.

ಗ್ರಂಥಾಲಯದ ಬಾಗಿಲ ಬಳಿ ಹೆಸರು ಬರೆಯಲು ಒಂದು ವಹಿ ಇಡಬೇಕೆಂದು ಪ್ರಾಚಾರ್ಯರನ್ನು ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಈ ಲೇಖನ ಕೊಡುವ ಹೊತ್ತಿಗೆ ಅದರಲ್ಲಿ ಏಳು ಹೆಸರು ಬಂದಿವೆ. ಆರು ಹುಡುಗಿಯರವು.